‘ಶಾರ್ಟ್ ಸರ್ಕ್ಯೂಟ್’ ಎಂದು ಬರೆದವರು ಯಾರು?

ಪ್ರಶ್ನೆ: ಉಡುಪಿ ತಾಲೂಕಿನಲ್ಲಿ ನಮ್ಮದೊಂದು ಸಣ್ಣ ಫ್ಯಾನ್ಸಿ ಮತ್ತು ಸ್ಟೇಷನರಿ ಅಂಗಡಿ ಇದೆ. ಹಳೆಯ ಹಂಚಿನ ಕಟ್ಟಡ. ಕಳೆದ ತಿಂಗಳು ರಾತ್ರಿ ಬೆಂಕಿ ಬಿದ್ದು ಮುಕ್ಕಾಲು ಪಾಲು ಹೋಯಿತು. ಮರುದಿನ ಪೇಪರಿನಲ್ಲಿ ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ’ ಎಂದು ಬಂತು. ಈಗ ಅಗ್ನಿಶಾಮಕದವರ ವರದಿ ಕೈಗೆ ಬಂದಿದೆ, ಅದರಲ್ಲಿ ಕಾರಣ ‘ತಿಳಿದುಬಂದಿಲ್ಲ’ ಎಂದಿದೆ. ವಿದ್ಯುತ್ ಕಚೇರಿಯವರು ತಮ್ಮ ಲೈನಿನಲ್ಲಿ ತೊಂದರೆ ಇರಲಿಲ್ಲ ಎನ್ನುತ್ತಾರೆ. ಕಾರಣ ಗೊತ್ತಾಗದೆ ಕ್ಲೇಮ್ ಮುಂದೆ ಹೋಗುವುದಿಲ್ಲ ಎಂದು ವಿಮೆಯವರು ಹೇಳುತ್ತಿದ್ದಾರೆ. ಕಾರಣ ಹೇಳಬೇಕಾದವರು ಯಾರು? ವರದಿಯಲ್ಲಿ ಶಾರ್ಟ್ ಸರ್ಕ್ಯೂಟ್ ಎಂದು ತಿದ್ದಿಸಿಕೊಳ್ಳಬಹುದೇ?

ಉತ್ತರ: ತಿದ್ದಿಸಿಕೊಳ್ಳಲು ಹೋಗಬೇಡಿ. ಹಾಗೆ ಬರೆದ ಅಧಿಕಾರಿ ನಿಮಗೆ ಅನ್ಯಾಯ ಮಾಡಿಲ್ಲ. ತನಗೆ ಕಾಣದ್ದನ್ನು ಕಂಡೆ ಎಂದು ಬರೆಯಲಿಲ್ಲ, ಅಷ್ಟೆ. ನಾನು ಕರಾವಳಿಯಲ್ಲೇ ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದು ನಿವೃತ್ತನಾದವನು. ನಿಮ್ಮ ಕೈಯಲ್ಲಿರುವ ಆ ಕಾಗದ ಏನು, ಏನಲ್ಲ ಎಂಬುದನ್ನು ಮೊದಲು ಹೇಳುತ್ತೇನೆ. ಕ್ಲೇಮಿನ ವಿಷಯ ಆಮೇಲೆ.

101ಕ್ಕೋ 112ಕ್ಕೋ ಕರೆ ಬಂದ ಗಳಿಗೆಯಿಂದಲೇ ನಮ್ಮ ವರದಿ ಶುರುವಾಗುತ್ತದೆ. ಕರೆ ಬಂದ ಹೊತ್ತು, ಗಾಡಿ ಹೊರಟ ಹೊತ್ತು, ಸ್ಥಳ ಮುಟ್ಟಿದ ಹೊತ್ತು, ಬೆಂಕಿ ಹತೋಟಿಗೆ ಬಂದ ಹೊತ್ತು. ಕರೆ ಮಾಡಿದವರು ಯಾರು, ಕಟ್ಟಡ ಯಾರದು, ಎಂಥದ್ದು, ಯಾವ ಯಾವ ಗಾಡಿ ಹೋದವು, ಯಾರಿಗಾದರೂ ಗಾಯವಾಯಿತೇ. ಇಷ್ಟು ಭಾಗ ಗಟ್ಟಿ. ಠಾಣೆಯ ಪುಸ್ತಕದಲ್ಲಿ ಆಗಿಂದಾಗಲೇ ದಾಖಲಾಗಿರುವುದರಿಂದ ಕೋರ್ಟಿನಲ್ಲೂ ನಿಲ್ಲುತ್ತದೆ. ಅದಾದ ಮೇಲೆ ಬರುವ ಎರಡು ಅಂಕಣ ಮೆತ್ತಗಿನವು. ಒಂದು ನಷ್ಟದ ಅಂದಾಜು. ಇದು ಬಹುತೇಕ ಮಾಲಕರು ಬಾಯಲ್ಲಿ ಹೇಳಿದ ಮೊತ್ತ. ಅಂಗಡಿಯಲ್ಲಿ ಎಷ್ಟು ಡಜನ್ ನೋಟ್‌ಬುಕ್ ಇತ್ತು ಎಂದು ನೀರು ಹಾಕಲು ಬಂದವನಿಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ಕಾರಣ. ಅಲ್ಲಿ ಬರೆಯುವುದು ಮೇಲ್ನೋಟಕ್ಕೆ ಕಂಡ, ಸಂಭವನೀಯ ಎನಿಸಿದ ಕಾರಣ. ಅದನ್ನು ತೀರ್ಪು ಎಂದುಕೊಂಡವರೇ ಹೆಚ್ಚು.

ನಮ್ಮ ಇಲಾಖೆ ನಡೆಯುವುದು ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ, 1964ರ ಅಡಿಯಲ್ಲಿ. ಬೆಂಕಿ ನಂದಿಸುವುದು, ಜೀವ ಉಳಿಸುವುದು, ಅದಕ್ಕಾಗಿ ಬೇಕಿದ್ದರೆ ಬಾಗಿಲು ಮುರಿಯುವುದು, ರಸ್ತೆ ಬಂದ್ ಮಾಡಿಸುವುದು ನಮ್ಮ ಮುಖ್ಯ ಕೆಲಸ. ಕಾರಣ ಪತ್ತೆ ಮಾಡುವುದಕ್ಕೆಂದೇ ಬೇರೆ ತಂಡ ನಮ್ಮ ಜಿಲ್ಲಾ ಠಾಣೆಗಳಲ್ಲಿ ಇಲ್ಲ. ನೀರು ಹೊಡೆದ ಸಿಬ್ಬಂದಿಯೇ ಸುತ್ತ ನೋಡಿ, ನಾಲ್ಕು ಜನರನ್ನು ಕೇಳಿ ವರದಿ ಬರೆಯಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಗುಡ್ಡದ ಮುಳಿಹುಲ್ಲಿಗೆ ಬೆಂಕಿ ಬೀಳುವ ಹೊತ್ತಿಗೆ ಮಂಗಳೂರಿನ ಕದ್ರಿ, ಪಾಂಡೇಶ್ವರ, ಇಲ್ಲವೇ ಉಡುಪಿ, ಕುಂದಾಪುರ ಯಾವ ಠಾಣೆಯೇ ಆಗಲಿ, ಒಂದು ಕರೆ ಮುಗಿಸಿ ಪೈಪು ಸುತ್ತುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಆಗ ಕಾರಣದ ಅಂಕಣಕ್ಕೆ ಸಿಗುವುದು ಒಂದೇ ಸಾಲು.

ಇನ್ನೂ ಒಂದು ಮಾತು ಇದೆ, ನಮ್ಮವರು ಸಾಮಾನ್ಯವಾಗಿ ಹೊರಗೆ ಹೇಳುವುದಿಲ್ಲ. ಸುಟ್ಟ ಸ್ಥಳದ ಗುರುತುಗಳನ್ನು ಅತಿ ಹೆಚ್ಚು ಅಳಿಸುವವರು ನಾವೇ. ಬೆಂಕಿ ಆರಿದಂತೆ ಕಂಡರೂ ಒಳಗೆ ಕೆಂಡ ಇರುತ್ತದೆ. ರಾಶಿಯನ್ನು ಎಳೆದು ತಿರುವಿ ಮತ್ತೆ ನೀರು ಹಾಕದಿದ್ದರೆ ಬೆಳಗಿನ ಜಾವ ಪುನಃ ಹೊತ್ತಿಕೊಳ್ಳುತ್ತದೆ. ಹಾಗೆ ತಿರುವುವಾಗ ಯಾವುದರ ಮೇಲೆ ಯಾವುದಿತ್ತು ಎಂಬ ಲೆಕ್ಕವೆಲ್ಲ ಹೋಯಿತು. ಇದು ತಪ್ಪಲ್ಲ, ಅನಿವಾರ್ಯ.

ಇನ್ನು ಶಾರ್ಟ್ ಸರ್ಕ್ಯೂಟ್‌ಗೆ ಬರೋಣ. ಪೇಪರಿನವರು ರಾತ್ರಿಯೇ ಫೋನ್ ಮಾಡಿ ‘ಕಾರಣ ಏನು ಸಾರ್?’ ಎಂದು ಕೇಳುತ್ತಾರೆ. ಅಂಗಡಿ ಮುಚ್ಚಿತ್ತು, ಒಳಗೆ ಯಾರೂ ಇರಲಿಲ್ಲ, ಒಲೆ ಇರಲಿಲ್ಲ, ಕರೆಂಟ್ ಮಾತ್ರ ಇತ್ತು. ಹಾಗಾದರೆ ಕರೆಂಟೇ ಇರಬೇಕು! ಬೇರೇನೂ ಸಿಗಲಿಲ್ಲ ಎಂಬುದಕ್ಕೆ ಇಟ್ಟ ಹೆಸರು ಇದು. ಬೆಂಕಿ ತನಿಖೆಯ ಕೈಪಿಡಿಯೆಂದು ಜಗತ್ತಿನಾದ್ಯಂತ ಬಳಸುವ ಅಮೆರಿಕದ ಎನ್‌ಎಫ್‌ಪಿಎ 921 ಈ ಬಗೆಯ ತರ್ಕವನ್ನು 2011ರ ಆವೃತ್ತಿಯಲ್ಲಿ ನೇರವಾಗಿಯೇ ತಳ್ಳಿಹಾಕಿತು: ಉಳಿದ ಕಾರಣಗಳನ್ನೆಲ್ಲ ಕೈಬಿಟ್ಟ ಮಾತ್ರಕ್ಕೆ, ಪುರಾವೆಯೇ ಇಲ್ಲದ ಒಂದು ಕಾರಣವನ್ನು ಸ್ಥಾಪಿಸಲು ಬರುವುದಿಲ್ಲ.

ತಾಂತ್ರಿಕವಾಗಿ ನೋಡಿದರೂ ಆ ಹೆಸರು ಬಹಳ ಸಲ ಸರಿಹೊಂದುವುದಿಲ್ಲ. ಎರಡು ತಂತಿ ನೇರವಾಗಿ ತಾಗುವ ನಿಜವಾದ ಶಾರ್ಟ್ ಆದರೆ, ಎಂಸಿಬಿ (ಮಿತಿ ಮೀರಿ ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್) ಸರಿಯಿದ್ದರೆ, ಕಣ್ಣು ಮಿಟುಕಿಸುವ ಮೊದಲೇ ಅದು ಬೀಳುತ್ತದೆ. ಮನೆ, ಅಂಗಡಿ ಸುಡುವ ಕರೆಂಟಿನ ಬೆಂಕಿ ಹೆಚ್ಚಾಗಿ ಹುಟ್ಟುವುದು ಸಡಿಲವಾದ ಜಾಯಿಂಟಿನಲ್ಲಿ. ನಮ್ಮ ಕಡಲ ಬದಿಯ ಉಪ್ಪುಗಾಳಿಗೆ ಮೀಟರ್ ಬೋರ್ಡಿನ ಹಿತ್ತಾಳೆ ಸ್ಕ್ರೂ ಕಿಲುಬು ಹಿಡಿಯುತ್ತದೆ, ಮಳೆಗಾಲದಲ್ಲಿ ಸ್ವಿಚ್ ಬಾಕ್ಸಿನೊಳಗೆ ಇರುವೆ ಗೂಡು ಕಟ್ಟುತ್ತದೆ. ಅಲ್ಲಿ ಹಾದುಹೋಗುವ ಕರೆಂಟು ಮಾಮೂಲಿನಷ್ಟೇ, ಫ್ರಿಜ್ ಎಳೆಯುವಷ್ಟೇ. ಹಾಗಾಗಿ ಎಂಸಿಬಿಗೆ ಏನೂ ತಿಳಿಯುವುದಿಲ್ಲ. ಸ್ಕ್ರೂ ಮಾತ್ರ ತಿಂಗಳುಗಟ್ಟಲೆ ಬಿಸಿಯಾಗುತ್ತಾ, ಸುತ್ತಲಿನ ಪ್ಲಾಸ್ಟಿಕ್ ಮತ್ತು ಮರದ ಹಲಗೆಯನ್ನು ಕರಿ ಮಾಡುತ್ತಾ ಇರುತ್ತದೆ. ಇದನ್ನು ‘ಲೂಸ್ ಕನೆಕ್ಷನ್’ ಎನ್ನಬೇಕೇ ಹೊರತು ಶಾರ್ಟ್ ಎನ್ನಬಾರದು.

ಸುಟ್ಟ ಅಂಗಡಿಯಲ್ಲಿ ವೈರಿನ ತುದಿಗೆ ತಾಮ್ರದ ಸಣ್ಣ ಮಣಿ ಅಂಟಿಕೊಂಡಿದ್ದರೆ ‘ನೋಡಿ, ಶಾರ್ಟ್ ಆದ ಗುರುತು’ ಎಂದು ಎತ್ತಿ ತೋರಿಸುತ್ತಾರೆ. ತಾಮ್ರ ಕರಗುವುದು 1,085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಾಮಾನ್ಯ ಕೋಣೆಯ ಬೆಂಕಿ ಅಷ್ಟು ಕಾವಿಗೆ ಹೋಗುವುದು ಅಪರೂಪ. ಹಾಗಾಗಿ ಉಳಿದ ವೈರು ನೆಟ್ಟಗಿದ್ದು ಒಂದು ಕಡೆ ಮಾತ್ರ ದುಂಡಗೆ ನುಣುಪಾಗಿ ಮಣಿ ಕಟ್ಟಿದ್ದರೆ ಅಲ್ಲಿ ಕಿಡಿ ಹಾರಿದೆ ಎನ್ನಬಹುದು. ಆದರೆ ಬೆಂಕಿಗೆ ಮೊದಲು ಹಾರಿತೇ, ಬೆಂಕಿಯಿಂದಾಗಿ ಹಾರಿತೇ? ಬೇರೆ ಯಾವುದೋ ಕಾರಣಕ್ಕೆ ಹೊತ್ತಿದ ಬೆಂಕಿ ವೈರಿನ ಹೊದಿಕೆಯನ್ನು ಸುಟ್ಟಾಗಲೂ ಕರೆಂಟು ಹರಿಯುತ್ತಿರುವ ಎರಡು ಎಳೆ ತಾಗಿ ಇದೇ ಮಣಿ ಹುಟ್ಟುತ್ತದೆ. ಮಣಿಯನ್ನು ನೋಡಿ ಹೇಳಬಹುದಾದದ್ದು ಇಷ್ಟೇ: ಬೆಂಕಿ ಇಲ್ಲಿಗೆ ಬಂದಾಗ ಈ ವೈರಿನಲ್ಲಿ ಕರೆಂಟು ಇತ್ತು. ಅಲ್ಯೂಮಿನಿಯಂ ವೈರಾದರೆ ಇಷ್ಟೂ ಸಿಗದು. ಅದು 660 ಡಿಗ್ರಿಗೇ ಕರಗಿ ನೆಲಕ್ಕೆ ಸುರಿದಿರುತ್ತದೆ.

ಹಾಗಾದರೆ ಬೆಂಕಿ ಎಲ್ಲಿ ಹುಟ್ಟಿತೆಂದು ಕಂಡುಹಿಡಿಯುವುದು ಹೇಗೆ? ನಿಮ್ಮದು ಹಂಚಿನ ಕಟ್ಟಡ ಎಂದಿರಿ. ತಾರಸಿ ಕಟ್ಟಡಕ್ಕಿಂತ ಅದರಲ್ಲಿ ಓದುವುದಕ್ಕೆ ಹೆಚ್ಚು ಸಿಗುತ್ತದೆ, ಯಾರೂ ಗುಡಿಸಿ ಹಾಕಿರದಿದ್ದರೆ. ಮಾಡಿನ ಮರಗಳಾದ ರೀಪು, ಪಕ್ಕಾಸು ಸುಟ್ಟಾಗ ಹಂಚು ಒಟ್ಟಿಗೆ ಕೆಳಗೆ ಬೀಳುತ್ತದೆ. ಬಿದ್ದ ಹಂಚು ತನ್ನ ಅಡಿಯಲ್ಲಿದ್ದುದನ್ನು ಮುಚ್ಚಿ ಕಾಪಾಡುತ್ತದೆ. ಆದ್ದರಿಂದ ಹಂಚನ್ನು ಒಂದೊಂದಾಗಿ ಕೈಯಿಂದಲೇ ಎತ್ತಬೇಕು. ಹಾರೆ, ಜೆಸಿಬಿ ತರಬಾರದು. ಹಂಚಿನ ಅಡಿ ಅರ್ಧ ಉಳಿದ ನೋಟ್‌ಬುಕ್ ಸಿಕ್ಕಿತೆನ್ನಿ, ಮಾಡು ಬೀಳುವಾಗ ಆ ಜಾಗದಲ್ಲಿ ಬೆಂಕಿ ಇನ್ನೂ ನೆಲಕ್ಕೆ ಇಳಿದಿರಲಿಲ್ಲ ಎಂದರ್ಥ. ಇನ್ನೊಂದು ಮೂಲೆಯಲ್ಲಿ ಹಂಚಿನ ಅಡಿ ಬರೀ ಬೂದಿ, ನೆಲದ ಸಿಮೆಂಟ್ ಸಿಪ್ಪೆ ಎದ್ದಿದೆ, ಕಪಾಟಿನ ಕಾಲು ಕೆಳಗಿನಿಂದಲೇ ಕರಿದಾಗಿದೆ. ಅಲ್ಲಿ ಮಾಡು ಬೀಳುವ ಮೊದಲೇ ನೆಲಮಟ್ಟದಲ್ಲಿ ಬೆಂಕಿ ಇತ್ತು. ಹುಡುಕಬೇಕಾದದ್ದು ಆ ಮೂಲೆ. ಮೇಲೆ ಅಟ್ಟದಲ್ಲಿ ಶುರುವಾದ ಬೆಂಕಿಯ ಕತೆ ಇದಕ್ಕೆ ತಿರುವುಮುರುವು. ಅಟ್ಟದ ಹಲಗೆಯ ಮೇಲ್ಬದಿ ಹೆಚ್ಚು ಸುಟ್ಟಿರುತ್ತದೆ, ಕೆಳಗಿನ ಕಪಾಟಿನ ಕೆಳ ಅರೆ ಹಾಗೆಯೇ ನಿಂತಿರುತ್ತದೆ.

ಗೋಡೆಯ ಮೇಲೆ ಮಸಿ ಕೆಳಗೆ ಕಿರಿದಾಗಿ ಮೇಲೆ ಅಗಲವಾಗುತ್ತಾ ಹೋದ ಗುರುತು ಸಿಕ್ಕರೆ ಅದರ ಬುಡದಲ್ಲಿ ಏನಿತ್ತೆಂದು ಮೊದಲು ನೋಡುತ್ತಾರೆ. ಕೋಣೆ ಪೂರ್ತಿ ಹೊತ್ತಿ ಉರಿದಿದ್ದರೆ ಈ ಗುರುತನ್ನೂ ನಂಬುವ ಹಾಗಿಲ್ಲ. ಕಿಟಕಿ ಒಡೆದು ಗಾಳಿ ನುಗ್ಗಿದ ಕಡೆಯಲ್ಲೆಲ್ಲ ಅಂಥದೇ ಗುರುತು ಮೂಡುತ್ತದೆ. ಗಾಜು ಜೇಡನ ಬಲೆಯ ಹಾಗೆ ಬಿರುಕು ಬಿಟ್ಟಿದ್ದರೆ ಪೆಟ್ರೋಲ್ ಸುರಿದಿದ್ದಾರೆ ಎಂಬ ಒಂದು ಹಳೆಯ ನಂಬಿಕೆ ಇಲಾಖೆಯೊಳಗೂ ಇತ್ತು. ಕಾದ ಗಾಜಿಗೆ ನಮ್ಮದೇ ನೀರು ಬಿದ್ದರೆ ಹಾಗಾಗುತ್ತದೆ ಎಂದು ಈಗ ಗೊತ್ತಿದೆ.

ಶಟರ್ ಮುಚ್ಚಿದ ಅಂಗಡಿಯ ಬೆಂಕಿಯದು ಬೇರೆಯೇ ಸ್ವಭಾವ. ಒಳಗಿನ ಗಾಳಿ ಮುಗಿದು ಗಂಟೆಗಟ್ಟಲೆ ಹೊಗೆಯಾಡುತ್ತಾ ಇರುತ್ತದೆ. ನಾವು ಬರುವ ಮೊದಲೇ ಯಾರೋ ಧೈರ್ಯವಂತರು ಶಟರ್ ಎತ್ತಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ನೋಡಿದವರು ‘ಸ್ಫೋಟ ಆಯ್ತು’ ಎನ್ನುತ್ತಾರೆ. ಆದ್ದರಿಂದ ಶಟರ್ ಎತ್ತಿದವರು ಯಾರು, ಆಗ ಹೊಗೆ ಯಾವ ಬಣ್ಣದ್ದಿತ್ತು, ಬೆಂಕಿ ಎಡಗಡೆ ಕಂಡಿತೇ ಬಲಗಡೆಯೇ ಎಂಬುದು ಮುಖ್ಯ. ಈ ಪ್ರಶ್ನೆಗಳನ್ನು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಯಾರದು ಯಾವ ಭಾಷೆಯೋ ಅದರಲ್ಲೇ ಕೇಳಿದರೆ ಸರಿಯಾದ ಉತ್ತರ ಬರುತ್ತದೆ. ಕಚೇರಿ ಕನ್ನಡದಲ್ಲಿ ಕೇಳಿದರೆ ‘ಶಾರ್ಟ್ ಸರ್ಕ್ಯೂಟ್ ಇರಬೇಕು ಸಾರ್’ ಎಂಬ ಉತ್ತರವೇ ಬರುತ್ತದೆ.

ಮತ್ತೆ ದೇವರ ಪಟದ ಮುಂದಿನ ದೀಪ. ಅಂಗಡಿ ಮುಚ್ಚುವಾಗ ಹಚ್ಚಿದ್ದಿರಾ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಇಲ್ಲ ಎನ್ನುತ್ತಾರೆ. ಎಣ್ಣೆ ಹೀರಿದ ಬತ್ತಿಯನ್ನು ಇಲಿ ಎಳೆದುಕೊಂಡು ಹೋಗುವುದುಂಟು. ಉರಿಯುವ ಬತ್ತಿ ಕಾಗದದ ರಾಶಿಯ ಹಿಂದೆ ಬಿದ್ದರೆ ಗುರುತೇ ಉಳಿಯುವುದಿಲ್ಲ. ನೀವು ಹಚ್ಚಿದ್ದರೆ ಹಚ್ಚಿದೆ ಎಂದೇ ಹೇಳಿ. ಅಜಾಗರೂಕತೆಯಿಂದ ಆದ ಆಕಸ್ಮಿಕ ಬೆಂಕಿಗೂ ಬೆಂಕಿ ವಿಮೆ ಅನ್ವಯಿಸುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇಡೀ ಕ್ಲೇಮ್ ಹೋಗುತ್ತದೆ.

ಕಾರಣ ಹೇಳಬೇಕಾದವರು ಯಾರು ಎಂದಿರಿ. ಒಬ್ಬರಲ್ಲ. ಅಪರಾಧವೋ ಆಕಸ್ಮಿಕವೋ ಎಂದು ನೋಡುವುದು ಪೊಲೀಸರು. ಅವರು ಆಕಸ್ಮಿಕ ಬೆಂಕಿ ಎಂದು ದಾಖಲಿಸಿ ಸ್ಥಳ ಮಹಜರು ಮಾಡುತ್ತಾರೆ. ಬೇಕೆಂದೇ ಹಚ್ಚಿದ್ದು ಎಂದು ಕಂಡರೆ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಂ, ಅಜಾಗರೂಕತೆಯಾದರೆ 287. ಸಾವಾಗಿದ್ದರೆ ವಿಚಾರಣೆಯ ದಾರಿಯೇ ಬೇರೆ. ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳು ಅಡುಗೆಮನೆಯ ಬೆಂಕಿಗೆ ತುತ್ತಾದರೆ ‘ಸ್ಟವ್ ಸಿಡಿಯಿತು’ ಎಂಬ ಒಂದು ಸಾಲಿಗೆ ಯಾರೂ ಅಲ್ಲಿಗೇ ಬಿಡುವಂತಿಲ್ಲ, ಮ್ಯಾಜಿಸ್ಟ್ರೇಟರ ಮಟ್ಟದ ವಿಚಾರಣೆ ಆಗುತ್ತದೆ. ವಿದ್ಯುತ್ತಿನ ಪ್ರಶ್ನೆ ಬಂದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಕಲಂ ಪ್ರಕಾರ ಅಪಘಾತದ ವಿಚಾರಣೆ ವಿದ್ಯುತ್ ಪರಿವೀಕ್ಷಕರಿಗೆ ಸೇರಿದ್ದು. ಇವರು ಲೈನ್ ನಡೆಸುವ ಕಂಪನಿಯವರಲ್ಲ, ಬೇರೆ ಸರ್ಕಾರಿ ಕಚೇರಿ. ಕಾರ್ಖಾನೆಯಾದರೆ ಕಾರ್ಖಾನೆಗಳ ಇಲಾಖೆಯೂ ಬರುತ್ತದೆ.

ಪೊಲೀಸರಿಗೆ ಸಂಶಯವಿದ್ದರೆ ಬೂದಿಯ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಮಂಗಳೂರಿನಲ್ಲೇ ಪ್ರಾದೇಶಿಕ ಪ್ರಯೋಗಾಲಯ ಇದೆ. ಆದರೆ ಖಾಸಗಿಯವರು ಚೀಲದಲ್ಲಿ ಬೂದಿ ತುಂಬಿಕೊಂಡು ಹೋದರೆ ಆಗುವುದಿಲ್ಲ, ಪೊಲೀಸರ ಇಲ್ಲವೇ ಕೋರ್ಟಿನ ಮೂಲಕ ಹೋಗಬೇಕು. ಮಾದರಿಯನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿ ಅಥವಾ ತಗಡಿನ ಡಬ್ಬಿಯಲ್ಲಿ ತುಂಬಬೇಕು. ಅಂಗಡಿ ಸಾಮಾನಿನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಪೆಟ್ರೋಲಿನ ಆವಿ ದಾರಿಯಲ್ಲೇ ಹಾರಿಹೋಗುತ್ತದೆ. ಸುಟ್ಟ ಪ್ಲಾಸ್ಟಿಕ್ಕಿನಿಂದಲೂ ಎಣ್ಣೆಯಂಥ ಅಂಶಗಳು ಹೊರಬರುವುದರಿಂದ, ಬೆಂಕಿ ತಾಗದ ಅದೇ ಸಾಮಾನಿನ ಇನ್ನೊಂದು ಮಾದರಿಯನ್ನು ಹೋಲಿಕೆಗೆ ಕಳಿಸಬೇಕು. ನಿಮ್ಮ ಅಂಗಡಿಯಲ್ಲಿದ್ದ ಆಟಿಕೆ, ಪೆನ್ನುಗಳೆಲ್ಲ ಅದೇ ಜಾತಿಯವು.

ಮೊದಲ ಮಾತನ್ನೇ ಕಾರಣವೆಂದು ಹಿಡಿದುಕೊಂಡರೆ ಏನಾಗಬಹುದು ಎಂಬುದಕ್ಕೆ ಮಂಗಳೂರಿನವರು ಮರೆಯದ ಉದಾಹರಣೆ ಒಂದಿದೆ. 2022ರ ನವೆಂಬರ್ 19ರ ಸಂಜೆ ನಾಗುರಿ ಬಳಿ ರಿಕ್ಷಾವೊಂದರಲ್ಲಿ ಹೊಗೆ, ಬೆಂಕಿ ಎದ್ದು ಚಾಲಕ ಮತ್ತು ಪ್ರಯಾಣಿಕ ಗಾಯಗೊಂಡರು. ಮೊದಲ ಗಂಟೆಗಳಲ್ಲಿ ಓಡಾಡಿದ ಸುದ್ದಿ ‘ರಿಕ್ಷಾದಲ್ಲಿ ಬೆಂಕಿ’ ಎಂದಷ್ಟೇ. ಮರುದಿನ ರಾಜ್ಯದ ಪೊಲೀಸ್ ಮಹಾನಿರ್ದೇಶಕರೇ ಇದು ಆಕಸ್ಮಿಕವಲ್ಲ, ಭಯೋತ್ಪಾದಕ ಕೃತ್ಯ ಎಂದರು. ಪ್ರಯಾಣಿಕನ ಬಳಿ ಕುಕ್ಕರ್ ಬಾಂಬ್ ಇತ್ತು. ಪ್ರಕರಣ ರಾಷ್ಟ್ರೀಯ ತನಿಖಾ ಸಂಸ್ಥೆಗೆ (ಎನ್‌ಐಎ) ಹೋಯಿತು. ಆ ಸಂಜೆ ಯಾರಾದರೂ ಅವಸರಪಟ್ಟು ರಿಕ್ಷಾದ ವೈರಿಂಗನ್ನೇ ಕಾರಣವೆಂದು ಬರೆದು, ಸ್ಥಳ ತೊಳೆಸಿ, ಕೈತೊಳೆದುಕೊಂಡಿದ್ದರೆ?

ಎದುರು ದಿಕ್ಕಿನ ಉದಾಹರಣೆಯೂ ಇದೆ. ಸುಳ್ಯ, ಬೆಳ್ತಂಗಡಿ ಕಡೆಯ, ರಬ್ಬರ್ ಶೀಟು ಒಣಗಿಸುವ ಹೊಗೆಮನೆಗಳ ಬೆಂಕಿ. ಬಿದಿರ ಕೋಲಿನಲ್ಲಿ ನೇತುಹಾಕಿದ ಶೀಟು ಜಾರಿ ಒಲೆಯ ಮೇಲೆ ಬೀಳುತ್ತದೆ, ಕರಗಿದ ರಬ್ಬರು ಉರಿಗೆ ಎಣ್ಣೆಯಾಗುತ್ತದೆ. ಕಾರಣ ಯಾರಿಗೂ ಗುಟ್ಟಲ್ಲ, ಒಲೆ ಅಲ್ಲೇ ಇದೆ. ಅಲ್ಲಿಯೂ ‘ಶಾರ್ಟ್ ಸರ್ಕ್ಯೂಟ್ ಎಂದು ಬರೆಯಿರಿ ಮಾರಾಯ್ರೇ’ ಎಂದು ಕೇಳಿದವರಿದ್ದರು, ಅದೂ ಕರೆಂಟ್ ಕನೆಕ್ಷನ್ನೇ ಇಲ್ಲದ ಶೆಡ್ಡಿಗೆ.

ಇನ್ನು ನಿಮ್ಮ ಕ್ಲೇಮ್. ಕೆನರಾ ಬ್ಯಾಂಕ್ ಮತ್ತು ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ನಿಮ್ಮ ಈ ಪ್ರಶ್ನೆಯನ್ನೇ ತೀರ್ಮಾನಿಸಿದೆ. ನಮ್ಮದೇ ರಾಜ್ಯದ ಒಂದು ಶೀತಲಗೃಹ 2014ರಲ್ಲಿ ಸುಟ್ಟು ರೈತರ ಬೆಳೆ ಹೋಗಿತ್ತು. ಬೆಂಕಿ ಶಾರ್ಟ್ ಸರ್ಕ್ಯೂಟ್‌ನಿಂದ ಬಂತೋ ಬೇರೆ ಕಾರಣದಿಂದಲೋ ಎಂಬುದು ಮುಖ್ಯವಲ್ಲ, ವಿಮೆ ಮಾಡಿಸಿದವನೇ ಹಚ್ಚಿದ್ದಲ್ಲವಾದರೆ ಕಂಪನಿ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂಬುದು ಆ ತೀರ್ಪಿನ ಸಾರ. 2023ರಲ್ಲಿ ಇನ್ನೊಂದು ಪ್ರಕರಣದಲ್ಲೂ ನ್ಯಾಯಾಲಯ ಅದನ್ನೇ ಪುನಃ ಹೇಳಿದೆ. ಅಂದರೆ ‘ತಿಳಿದುಬಂದಿಲ್ಲ’ ಎಂಬ ಒಂದೇ ಮಾತಿಗೆ ನಿಮ್ಮ ಹಣ ತಡೆಯುವಂತಿಲ್ಲ. ನೀವೇ ಹಚ್ಚಿದ್ದೀರಿ ಎನ್ನುವುದಾದರೆ ಅದನ್ನು ಸಾಬೀತು ಮಾಡಬೇಕಾದವರು ಅವರು.

ನೀವು ಬೇಡುತ್ತಿರುವ ಆ ಪದ ನಿಮಗೇ ತಿರುಗಿ ಹೊಡೆಯುವುದೂ ಉಂಟು. ಬೆಂಕಿ ವಿಮೆಯ ಷರತ್ತುಗಳಲ್ಲಿ, ಶಾರ್ಟ್ ಆಗಿ ಅಥವಾ ತಾನೇ ಕಾದು ಕೆಟ್ಟ ವಿದ್ಯುತ್ ಉಪಕರಣಕ್ಕೆ ಪರಿಹಾರ ಇಲ್ಲ ಎಂಬ ಸಾಲು ಇರುತ್ತದೆ. ಅದರಿಂದ ಹರಡಿ ಸುಟ್ಟ ಉಳಿದ ಸಾಮಾನಿಗೆ ಸಿಗುತ್ತದೆ, ಆ ಉಪಕರಣಕ್ಕೆ ಮಾತ್ರ ಇಲ್ಲ. ‘ಜೆರಾಕ್ಸ್ ಮಷಿನಿನಲ್ಲಿ ಶಾರ್ಟ್ ಸರ್ಕ್ಯೂಟ್’ ಎಂದು ಹಠ ಮಾಡಿ ಬರೆಸಿದರೆ ಮಷಿನಿನ ದುಡ್ಡು ಹೋದ ಹಾಗೆಯೇ. ನಾವು ಹಾಕಿದ ನೀರಿಗೆ ನೆನೆದು ಹಾಳಾದ ಸರಕನ್ನು ಮಾತ್ರ ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ, ಅದೂ ಬೆಂಕಿಯ ನಷ್ಟವೇ.

ಈಗ ಮಾಡಬೇಕಾದದ್ದು. ಸ್ಥಳ ಇನ್ನೂ ತೆರವಾಗಿಲ್ಲದಿದ್ದರೆ ನಷ್ಟ ಅಳೆಯಲು ಬರುವ ವಿಮೆಯ ಸರ್ವೇಯರ್ ನೋಡಿ ಮುಗಿಸಿ, ತೆರವು ಮಾಡಬಹುದೆಂದು ಲಿಖಿತವಾಗಿ ಕೊಡುವವರೆಗೆ ಮುಟ್ಟಬೇಡಿ. ತೆರವಾಗಿದ್ದರೂ ಮೈನ್ ಬೋರ್ಡ್, ಎಂಸಿಬಿ, ಮೀಟರಿನ ಕಡೆಯ ವೈರು ಗುಜರಿಗೆ ಹೋಗದಂತೆ ನೋಡಿಕೊಳ್ಳಿ. ಸಿಸಿ ಕ್ಯಾಮೆರಾದ ಡಿವಿಆರ್ (ರೆಕಾರ್ಡಿಂಗ್ ಪೆಟ್ಟಿಗೆ) ಕರಗಿ ಮುದ್ದೆಯಾಗಿದ್ದರೂ ಎಸೆಯಬೇಡಿ, ಒಳಗಿನ ಹಾರ್ಡ್ ಡಿಸ್ಕ್ ಎಷ್ಟೋ ಸಲ ಬದುಕಿರುತ್ತದೆ. ಕ್ಯಾಮೆರಾಗಳು ಯಾವ ಸರದಿಯಲ್ಲಿ ಕಪ್ಪಾದವು ಎಂಬುದೇ ಬೆಂಕಿ ನಡೆದ ದಾರಿಯನ್ನು ಹೇಳಬಹುದು. ಬೆಂಕಿ ಬಿದ್ದಾಗ ಅಕ್ಕಪಕ್ಕದವರು ಮೊಬೈಲಿನಲ್ಲಿ ತೆಗೆದ ವಿಡಿಯೋಗಳನ್ನು ವಾಟ್ಸಾಪ್ ಫಾರ್ವರ್ಡ್ ಆಗಿ ಅಲ್ಲ, ಮೂಲ ಫೈಲಾಗಿಯೇ ಇಸಿದುಕೊಳ್ಳಿ.

ಅದೇ ರಾತ್ರಿ ಪಕ್ಕದ ಮನೆಗಳಲ್ಲಿ ಟಿವಿ, ಫ್ರಿಜ್, ಬಲ್ಬು ಸುಟ್ಟವೇ ಎಂದು ವಿಚಾರಿಸಿ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ, ತೆಂಗಿನ ಮಡಲು ಬಿದ್ದು ಹಾಗಾಗುವುದು ನಮ್ಮಲ್ಲಿ ಹೊಸತಲ್ಲ, 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರ ನುಗ್ಗುತ್ತದೆ. ಹಾಗೇನಾದರೂ ಆಗಿದ್ದರೆ ಲೈನಿನಲ್ಲಿ ತೊಂದರೆ ಇರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಸಬ್‌ಸ್ಟೇಷನ್ನಿನಲ್ಲಿ ನಿಮ್ಮ ಕಡೆಗೆ ಕರೆಂಟು ತರುವ ಫೀಡರ್ ಲೈನು ಎಷ್ಟು ಹೊತ್ತಿಗೆ ಟ್ರಿಪ್ ಆಯಿತೆಂಬ ದಾಖಲೆ ಇರುತ್ತದೆ. ಮಾಹಿತಿ ಹಕ್ಕಿನಲ್ಲಿ ಅದನ್ನು ಕೇಳಿ, ಬಂದ ಉತ್ತರದ ಜೊತೆ ವಿದ್ಯುತ್ ಪರಿವೀಕ್ಷಕರಿಗೆ ಅರ್ಜಿ ಕೊಡಿ. ಅಕ್ಕಪಕ್ಕದಲ್ಲಿ ಯಾರಿಗೂ ಏನೂ ಆಗಿಲ್ಲವೆಂದಾದರೆ ಆ ದಾರಿ ಬಿಡಿ, ನಿಮ್ಮ ವೈರಿಂಗಿನ ಕಡೆ ನೋಡಿ.

ಅಗ್ನಿಶಾಮಕ ವರದಿಯಲ್ಲಿ ವಿಳಾಸವೋ ಹೆಸರೋ ಹೊತ್ತೋ ತಪ್ಪಿದ್ದರೆ ಮಾತ್ರ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗೆ ಬರೆದು ಸರಿಮಾಡಿಸಿ. ವಿಮೆಯವರಿಗೆ ಇನ್ನು ಫೋನ್ ಮಾಡಬೇಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಕಾರಣದ ದಾಖಲೆ ಕೇಳುತ್ತಿದ್ದೀರಿ ಎಂದು ಪತ್ರದಲ್ಲಿ ಕೇಳಿ, ಅಗ್ನಿಶಾಮಕ ವರದಿ, ಪೊಲೀಸ್ ಮಹಜರು, ಸ್ಟಾಕ್ ಬಿಲ್ಲು, ಜಿಎಸ್‌ಟಿ ರಿಟರ್ನ್ ಪ್ರತಿಗಳನ್ನು ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ನಿರಾಕರಿಸಿದರೆ ಬೆಂಗಳೂರಿನ ವಿಮಾ ಲೋಕಪಾಲರಿದ್ದಾರೆ. ಒಬ್ಬರೇ ಮಾಲಕರಿರುವ ಸಣ್ಣ ಅಂಗಡಿಯವರೂ ಅವರಲ್ಲಿಗೆ ಹೋಗಬಹುದು, ಆದರೆ ನಿರಾಕರಣೆಯ ಪತ್ರ ಬಂದ ಒಂದು ವರ್ಷದೊಳಗೆ. ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕಾದರೆ ಎರಡು ವರ್ಷದ ಗಡುವು ಇದೆ.